ಎರಡು ಒಳಲೆ ಹಾಲು

ಫ್ರಿಜ್ಜಿನ ಬಾಗಿಲು ತೆಗೆದ ಕಾಶಿಬಾಯಿ ಅದನ್ನು ಮುಚ್ಚುವುದು ಮರೆತು ನಿಂತಳು. ಸೊಸೆ ರೂಪಾ ಬೆಳಗಿನಿಂದ ಹಿಂಡಿಟ್ಟ ಎದೆಹಾಲು ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿತ್ತು. ದೀಪ ಹಚ್ಚುವ ಹೊತ್ತಾದರೂ ಡಬ್ಬಿ ಖಾಲಿಯಾಗಿರಲಿಲ್ಲ. ನಿನ್ನೆಯೂ ಆಗಿರಲಿಲ್ಲ, ಮೊನ್ನೆಯೂ ಆಗಿರಲಿಲ್ಲ.

ಇವಳಿಗೆ ಇಷ್ಟು ಹಾಲು ಎಲ್ಲಿಂದ ಬರುತ್ತದೆ? ತಾಟಿಗೆ ಎರಡು ರೊಟ್ಟಿ ಹಾಕಿದರೆ ಒಂದನ್ನು ಹಾಗೇ ಬಿಡುವ ಹೆಣ್ಣು. ಹಾಲು ಹೆಚ್ಚಲೆಂದು ಮಾಡಿದ ಅಳವಿ ಬೀಜದ ಪಾಯಸ ಕಂಡರೆ ಮೂಗು ಮುರಿಯುತ್ತಾಳೆ, ಸಬ್ಬಸಗಿ ಪಲ್ಯದ ವಾಸನೆಗೆ ಮುಖ ತಿರುವುತ್ತಾಳೆ. ಬಾಣಂತಿ ಉಣ್ಣದೆ ಹಾಲು ಉಕ್ಕುವುದುಂಟೇ? ಇದರಲ್ಲಿ ನೀರು ಬಿದ್ದಿದೆ ಎಂದು ಕಾಶಿಬಾಯಿಯ ಮನಸ್ಸು ಹೇಳಿತು.

ಸ್ವಲ್ಪ ಹೊತ್ತಿನ ಮೇಲೆ ಅದೇ ಡಬ್ಬಿಯನ್ನು ರೂಪಾ ತೆಗೆದು ನೋಡಿದಳು. ಅವಳಿಗೆ ಬೇರೆಯೇ ಯೋಚನೆ. ಡಾಕ್ಟರು ಹೇಳಿದಷ್ಟು ಕುಡಿಸಿದ್ದರೆ ಇಷ್ಟು ಉಳಿಯುವ ಹಾಗೇ ಇಲ್ಲ. ಹಾಲು ಹೊಟ್ಟೆಗೆ ಹೋಗಿಲ್ಲ ಎಂದರೆ ಅತ್ತೆ ತನ್ನ ಕೂಸಿಗೆ ಇನ್ನೇನು ಕುಡಿಸುತ್ತಿದ್ದಾಳೆ? ಸಕ್ಕರೆ ನೀರೇ, ಜೇನೇ, ಬೇರು ತೇದು ಮಾಡಿದ ಊರಿನ ಯಾವುದಾದರೂ ಗುಟ್ಟಿಯೇ?

ಡಬ್ಬಿ ಒಂದು, ಹಾಲು ಒಂದು, ಅನುಮಾನ ಮಾತ್ರ ಎರಡು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎನ್ನುತ್ತಾರೆ. ನಾಶಿಕದ ಅಂಬಡ್ ಬದಿಯ ಆ ಬಾಡಿಗೆ ಮನೆಯಲ್ಲಿ ಆಗ ಇಬ್ಬರಿಗೆ ಒಟ್ಟೊಟ್ಟಿಗೆ ಕಾಮಾಲೆ ಹತ್ತಿತ್ತು.

ಕೂಸು ತಿಂಗಳು ತುಂಬುವ ಮೊದಲೇ, ಆಪರೇಷನ್ ಮಾಡಿ ತೆಗೆದದ್ದು. ಹೆಣ್ಣು ಕೂಸು. ತೂಕ ಎರಡು ಕಿಲೋಕ್ಕೂ ಕಡಿಮೆ. ಕೆಲವು ದಿನ ಗಾಜಿನ ಪೆಟ್ಟಿಗೆಯಲ್ಲಿಟ್ಟು ಮನೆಗೆ ಕಳಿಸಿದ ಡಾಕ್ಟರು ಒಂದು ಮಾತನ್ನು ಮತ್ತೆ ಮತ್ತೆ ಹೇಳಿದ್ದರು: ಎದೆಗೆ ಬಾಯಿ ಹಚ್ಚಿ ಎಳೆಯುವ ಶಕ್ತಿ ಇದಕ್ಕಿನ್ನೂ ಇಲ್ಲ, ತಾಯಿ ಹಾಲು ಹಿಂಡಿ ಕೊಡಬೇಕು, ಬಾಟಲಿ ಬೇಡ. "ಚಾಳೀಸ್ ಎಂಎಲ್, ಹರ್ ತೀನ್ ಘಂಟೇ." ಮೂರು ತಾಸಿಗೊಮ್ಮೆ ನಲವತ್ತು ಎಂಎಲ್. ತೂಕ ಏರದಿದ್ದರೆ ಮತ್ತೆ ಗಾಜಿನ ಪೆಟ್ಟಿಗೆಯೇ ಗತಿ.

ಕಾಶಿಬಾಯಿಗೆ ಬಾಟಲಿಯ ಹಂಗೇನೂ ಇರಲಿಲ್ಲ. ಅವಳ ತವರಿನವರು ಭಾಲ್ಕಿಯಿಂದ ಕೊಟ್ಟು ಕಳಿಸಿದ ಬೆಳ್ಳಿಯ ಒಳಲೆ ಇತ್ತು. ಅಂಗೈಯಲ್ಲಿ ಕೂರುವ ಪುಟ್ಟ ಬಟ್ಟಲು, ಒಂದು ಬದಿಗೆ ಗುಬ್ಬಿಯ ಹಾಗೆ ಚಾಚಿದ ಕೊಕ್ಕು. ಕೊಕ್ಕನ್ನು ಕೂಸಿನ ತುಟಿಗಿಟ್ಟು ಹನಿಹನಿಯಾಗಿ ಹಾಲು ಬಿಡಬೇಕು. ಮಗ ಶಶಿಕಾಂತನೂ ಅದರಲ್ಲೇ ಕುಡಿದು ಬೆಳೆದವನು.

ಆ ಮನೆಯಲ್ಲಿ ಹಳೆಯ ಅಳತೆಗೂ ಹೊಸ ಅಳತೆಗೂ ದಿನಾ ಜಗಳ. ಹಿಂದೆ ಕಾಳಿನ ಅಂಗಡಿ ಇಟ್ಟಿದ್ದು ಈಗ ಮನೆಯಲ್ಲೇ ಇರುವ ಯಜಮಾನ ರೇವಣಪ್ಪ ಇಂದಿಗೂ ಹಾಲಿನವನಿಗೆ "ಅಚ್ಛೇರು ಹಾಕು" ಎನ್ನುತ್ತಾನೆ. ಕಾಶಿಬಾಯಿ ಅಕ್ಕಿ ಹಾಕುವುದು ಪಾವಿನಲ್ಲೇ. ಶಶಿಕಾಂತ ಎಲ್ಲವನ್ನೂ ಲೀಟರಿಗೆ ಇಳಿಸಿ ಹೇಳುವವನು.

"ಅಚ್ಛೇರು ಅಂದ್ರ ಅರ್ಧ ಲೀಟರ್ ಅಪ್ಪಾ."

"ಅಲ್ಲೋ. ತುಸು ಕಡಿಮಿ ಬರ್ತಾದ."

"ಅರ್ಧ ಲೀಟರ್ ಅಂದ್ಕೋರಿ, ನಡೀತದ."

ಅಂಬಡಿನ ಕಾರ್ಖಾನೆಯಲ್ಲಿ ಗಾಡಿಯ ಬಿಡಿಭಾಗ ಪರೀಕ್ಷೆ ಮಾಡುವುದು ಶಶಿಕಾಂತನ ಕೆಲಸ. ಕೂದಲೆಳೆ ಫರಕು ಬಂದರೂ ಮಾಲು ವಾಪಸು ಕಳಿಸುವ ಈ ಜಾಣ, ಕೂಸು ಮನೆಗೆ ಬಂದ ದಿನವೇ ಒಳಲೆಯನ್ನು ಸಿಂಕಿನ ಹತ್ತಿರ ಹಿಡಿದುಕೊಂಡು ಹೋದ. ಔಷಧದ ಸಿರಿಂಜಿನಿಂದ ನೀರು ಬಿಟ್ಟ. ಅಂಚಿನ ತನಕ ತುಂಬಿದಾಗ ಇಪ್ಪತ್ತು ಎಂಎಲ್ ಹಿಡಿಯಿತು. ಕೊಕ್ಕಿನಿಂದ ಒಂದು ಹನಿ ಹೊರಗೆ ಜಾರಿತು.

"ಅವ್ವಾ, ಲೆಕ್ಕ ಸೀದಾ ಅದ," ಎಂದು ಅಲ್ಲಿಂದಲೇ ಕೂಗಿದ. "ಪ್ರತಿ ಸಲ ಎರಡು ಒಳಲಿ."

"ಎರಡು ಒಳಲಿ, ಆಯ್ತಪ್ಪ," ಎಂದು ಕಾಶಿಬಾಯಿ ಒಳಗಿನಿಂದ ಅಂದಳು. ಅವಳು ಆಗ ಬಾಣಂತಿಗೆ ಬೆಳ್ಳುಳ್ಳಿ ಸುಲಿಯುತ್ತಿದ್ದಳು.

ರೂಪಾಳಿಗೆ ಹೊಲಿಗೆಯ ನೋವು, ಮೇಲೆ ಜ್ವರ. ಕೂಸನ್ನೆತ್ತಿ ಹೆಚ್ಚು ಹೊತ್ತು ಕೂರಲಾಗುತ್ತಿರಲಿಲ್ಲ. ಹಾಲು ಹಿಂಡಿ ಕೊಡುವುದಷ್ಟೇ ಅವಳ ಪಾಲು; ಹಗಲಿರುಳು ಕುಡಿಸುವುದೆಲ್ಲ ಕಾಶಿಬಾಯಿಯದು. ಕುಡಿಸುವಾಗ ಅವಳು ಗೋಡೆಗೆ ಮುಖ ಮಾಡಿ ಕೂತು, ಕೂಸಿನ ಮೇಲೆ ಸೆರಗು ಎಳೆದುಕೊಳ್ಳುತ್ತಿದ್ದಳು.

"ಹಿಂಗ ಮುಚ್ಚಿ ಯಾಕ ಕುಡಸ್ತೀರಿ ಅತ್ತಿ? ನನಗೂ ಕೂಸು ನೋಡ್ಬೇಕನಸ್ತದ."

"ಹಾಲು ಕುಡಿಯೋ ಮುಂದ ಯಾರ ಕಣ್ಣೂ ಬೀಳಬಾರ್ದವ್ವ. ಹೆತ್ತ ತಾಯಿ ದೃಷ್ಟಿ ಅಂತೂ ಭಾಳ ಹರಿತ."

ಮೊದಲು ರೂಪಾ ನಕ್ಕು ಸುಮ್ಮನಾಗಿದ್ದಳು. ಕೂಸೂ ಬಲು ಸಾಧು, ಹಸಿವೆಂದು ಅಳುತ್ತಿರಲಿಲ್ಲ, ಕುಡಿದು ಮಲಗಿಬಿಡುತ್ತಿತ್ತು. "ನಮ್ಮ ಮನಿ ರಕ್ತ, ಗದ್ದಲ ಇಲ್ಲ," ಎಂದು ಕಾಶಿಬಾಯಿ ಹೆಮ್ಮೆ ಪಟ್ಟಳು. ಅಳಲೂ ತ್ರಾಣ ಇಲ್ಲದ್ದಕ್ಕೆ ಅದು ಸುಮ್ಮನಿದೆ ಎಂದು ಯಾರಿಗೂ ಹೊಳೆಯಲಿಲ್ಲ.

ಮೊದಲ ವಾರದ ತಪಾಸಣೆಯಲ್ಲಿ ತೂಕ ಇದ್ದಲ್ಲೇ ಇತ್ತು. ಸರಿಯಾಗಿ ಕುಡಿಸುತ್ತಿದ್ದೀರಾ ಎಂದು ಡಾಕ್ಟರು ಕೇಳಿದಾಗ ಮೂವರೂ ಒಟ್ಟಿಗೆ ಹೌದೆಂದರು.

ಆಮೇಲೆ ಶುರುವಾಯಿತು ಕಾವಲು. ಕಾಶಿಬಾಯಿ ಸ್ನಾನಕ್ಕೆ ಹೋದಾಗ ರೂಪಾ ಕೂಸಿನ ಬಾಯಿ ಮೂಸಿ ನೋಡುತ್ತಿದ್ದಳು, ಅದರ ಕೊರಳಿನ ಬಟ್ಟೆ ಮೂಸುತ್ತಿದ್ದಳು. ಅಡುಗೆಮನೆಯ ಮೇಲಿನ ಹಲಗೆಯಲ್ಲಿದ್ದ ಜೇನಿನ ಬಾಟಲಿ ಒಂದು ದಿನ ಕೆಳಗಿನ ಹಲಗೆಗೆ ಬಂದಿತ್ತು. ಅದನ್ನು ಕಂಡ ರೂಪಾ ಮುಚ್ಚಳ ತೆಗೆದು ಎಷ್ಟು ಖಾಲಿಯಾಗಿದೆ ಎಂದು ನೋಡಿದಳು.

"ನಿಮ್ಮವ್ವ ಕೂಸಿಗಿ ಏನೋ ನೆಕ್ಕಸ್ಲತ್ತಾಳ," ಎಂದು ಗಂಡನಿಗೆ ಚಹಾ ಕೊಡುವಾಗ ಹೇಳಿದಳು.

"ಏನ್ ನೆಕ್ಕಸ್ತಾಳ? ನನಗ ಬೆಳಿಸಿಲ್ಲೇನು ಆಕಿ?"

"ನಿಮಗ ಬೆಳಿಸ್ಯಾಳ. ನನ್ನ ಕೂಸು ಬೆಳೀಲತ್ತಿಲ್ಲಲ್ಲ."

ಶಶಿಕಾಂತ ಚಹಾ ಅರ್ಧಕ್ಕೇ ಬಿಟ್ಟು ಡ್ಯೂಟಿಗೆ ಹೋದ.

ಆಚೆ ಬಾಲ್ಕನಿಯಲ್ಲಿ ಅಕ್ಕಿ ಆರಿಸುತ್ತ ಕಾಶಿಬಾಯಿ ಗಂಡನ ಕಿವಿಗೆ ತನ್ನ ಅನುಮಾನ ಹಾಕುತ್ತಿದ್ದಳು. "ಹಾಲು ಕಡಿಮಿ ಬರ್ಲತ್ತಾವ ಅಂತ ತೋರಿಸ್ಕೊಳಾಕ ನಾಚಿಕಿ. ನೀರು ಹಾಕಿ ಹೆಚ್ಚ ಮಾಡ್ಯಾಳ. ಕೂಸಿನ ಹೊಟ್ಟಿಗಿ ಬರೇ ನೀರು."

"ನಿನ್ನ ತಲಿ ನೆಟ್ಟಗ ಅದ ಇಲ್ಲ?" ಎಂದು ರೇವಣಪ್ಪ ಕೆಮ್ಮಿದ. ಆದರೆ ಊಟಕ್ಕೆ ಕೂತಾಗ ಅವನೂ ಸೊಸೆಯ ತಾಟಿನ ಕಡೆ ಒಂದು ಕಣ್ಣು ಹಾಯಿಸಿದ.

ಒಂದು ಮಧ್ಯಾಹ್ನ ಆ ಅನುಮಾನ ಕಟ್ಟೆಯೊಡೆಯಿತು. ಕಾಶಿಬಾಯಿ ಡಬ್ಬಿ ತೆಗೆದು, ಒಂದು ಹನಿ ಹಾಲನ್ನು ಹೆಬ್ಬೆರಳಿನ ಉಗುರಿನ ಮೇಲೆ ಬಿಟ್ಟಳು. ಗಟ್ಟಿ ಹಾಲಾದರೆ ಉಗುರಿನ ಮೇಲೆ ನಿಲ್ಲಬೇಕು, ನೀರಾದರೆ ಜಾರಬೇಕು; ಎಮ್ಮೆಯ ಹಾಲಿಗೆ ಅವಳು ಮಾಡುವ ಪರೀಕ್ಷೆ. ಹನಿ ಸರ್ರನೆ ಜಾರಿತು. ಎದೆಹಾಲು ಎಮ್ಮೆ ಹಾಲಿನಷ್ಟು ಗಟ್ಟಿ ಇರುವುದಿಲ್ಲ ಎಂಬ ಮಾತು ಆ ಹೊತ್ತಿಗೆ ಅವಳಿಗೆ ಬೇಕೂ ಇರಲಿಲ್ಲ.

ಬಾಗಿಲಲ್ಲಿ ರೂಪಾ ನಿಂತಿದ್ದಳು. ಅವಳಿಗೆ ಕಂಡದ್ದು ಹಾಲಿನ ಡಬ್ಬಿಯ ಮೇಲೆ ಅತ್ತೆಯ ಬೆರಳು.

"ಹಾಲಾಗ ಏನ್ ಹಾಕ್ಲತ್ತೀರಿ ಅತ್ತಿ?"

"ನಾ ಏನ್ ಹಾಕ್ಲಿ? ನೀ ಏನ್ ಹಾಕೀದಿ, ಅದು ನೋಡ್ಲತ್ತೀನಿ."

"ಅಂದ್ರ?"

"ನೀರು. ಉಗುರ ಮ್ಯಾಲ ನಿಲ್ಲಲ್ಲ ನಿನ್ನ ಹಾಲು."

"ನನ್ನ ಕೂಸಿನ ಹಾಲಿಗಿ ನಾ ನೀರ ಹಾಕ್ತೀನಾ? ನಾ ಏನ್ ಡೈರಿ ಇಟ್ಟೀನಾ?" ರೂಪಾ ಡಬ್ಬಿಯನ್ನು ಕಿತ್ತುಕೊಂಡಳು. "ನೀವು ಸೆರಗು ಮುಚ್ಚಿ ಏನ್ ಕುಡಸ್ತೀರಿ, ಮೊದಲ ಅದು ಹೇಳ್ರಿ. ಜೇನು ಬಾಟ್ಲಿ ಯಾಕ ಕೆಳಗ ಬಂದಾದ?"

ಹೊರಗಿನ ಕೋಣೆಯಿಂದ ರೇವಣಪ್ಪ ಓಡಿ ಬಂದ. "ಜೇನು ನಾ ತಿಂದೀನಿ ತಾಯಿ. ಕೆಮ್ಮಿಗಿ, ಶುಂಠಿ ಸಂಗಾಟ."

"ನೀವು ಸುಮ್ನಿರ್ರಿ!" ಎಂದು ಅತ್ತೆ ಸೊಸೆ ಒಂದೇ ದನಿಯಲ್ಲಿ ಅಂದರು. ಆ ತಿಂಗಳಲ್ಲಿ ಅವರಿಬ್ಬರು ಒಪ್ಪಿದ ಮಾತು ಅದೊಂದೇ.

ಸಂಜೆ ಶಶಿಕಾಂತ ಬಂದ ಮೇಲೆ ಪಂಚಾಯಿತಿ ನಡೆಯಿತು. "ಎಷ್ಟು ಕುಡಸ್ತೀದಿ ಅವ್ವಾ, ಖರೆ ಹೇಳು."

"ಎರಡು ಒಳಲಿ. ನೀ ಹೇಳಿದಷ್ಟು. ಒಂದು ಹನಿ ಕಡಿಮಿ ಇಲ್ಲ."

"ಎರಡು ಒಳಲಿ ಅಂದ್ರ ಚಾಳೀಸ್ ಎಂಎಲ್. ನಾನೇ ಅಳದೀನಿ, ಅದರಾಗ ಫರಕ ಇಲ್ಲ. ಹಂಗಾದ್ರ ಹಾಲು ಹ್ಯಾಂಗ ಉಳೀತದ?"

ಅಳತೆ ಸರಿ ಇದ್ದ ಮೇಲೆ ತಪ್ಪು ಮನುಷ್ಯರದ್ದೇ ಇರಬೇಕು ಎಂದು ಎಲ್ಲರಿಗೂ ಅನಿಸಿತು. ಆ ಸಂಜೆ ಮಾಡಿದ ಪಲ್ಯವನ್ನು ಯಾರೂ ಎರಡನೇ ಸಲ ಹಾಕಿಸಿಕೊಳ್ಳಲಿಲ್ಲ.

ಮುಂದಿನ ತಪಾಸಣೆಯಲ್ಲಿ ತೂಕ ತುಸು ಇಳಿದೇ ಇತ್ತು. ಇನ್ನೊಂದು ವಾರ ನೋಡೋಣ, ಆಮೇಲೆ ದವಾಖಾನೆಗೆ ಭರ್ತಿ ಮಾಡಲೇಬೇಕು ಎಂದರು ಡಾಕ್ಟರು. ಮನೆಗೆ ಬಂದ ರೂಪಾ ಬ್ಯಾಗಿಗೆ ಬಟ್ಟೆ ತುಂಬತೊಡಗಿದಳು. ಅವಳ ತಾಯಿ ಗುಂಡವ್ವ ಇರುವುದು ಸಂಭಾಜಿನಗರದ ಚಿಕಲಠಾಣಾದಲ್ಲಿ. ಅಲ್ಲಿಯೂ ದವಾಖಾನೆ ಇದೆ, ಅಲ್ಲಿ ತನ್ನ ಹೆತ್ತವ್ವ ಇದ್ದಾಳೆ.

"ನಾಳಿ ಗಾಡಿ ಮಾಡ್ರಿ. ಇಲ್ಲಿ ಇದ್ರ ನನ್ನ ಕೂಸು ಉಳಿಯಲ್ಲ," ಎಂದು ಗಂಡನಿಗೆ ಹೇಳಿದಳು. ಪಕ್ಕದ ಕೋಣೆಗೆ ಕೇಳಲಿ ಎಂದೇ ಹೇಳಿದಳು.

ಕಾಶಿಬಾಯಿಗೆ ಕೇಳಿಸಿತು. ಬೆಳಿಗ್ಗೆ ಅವರು ಹೊರಡುವಾಗ ಒಳಲೆಯನ್ನು ಬಿಸಿನೀರಲ್ಲಿ ತೊಳೆದು, ಹೊಸ ಬಟ್ಟೆಯಲ್ಲಿ ಸುತ್ತಿ, ಬ್ಯಾಗಿನ ಬದಿಯ ಚೀಲಕ್ಕೆ ತುರುಕಿದಳು. "ಕೂಸಿಂದು ಅದ. ನಂದಲ್ಲ," ಎಂದಳು. ಗಾಡಿ ತಿರುವು ದಾಟಿದ ಮೇಲೆ ಒಳಗೆ ಬಂದು ಖಾಲಿ ಹಾಸಿಗೆಯ ಹತ್ತಿರ ಕೂತು ಬಿಕ್ಕಿ ಅತ್ತಳು. ಆ ವಾರ ಅವಳು ತ್ರ್ಯಂಬಕೇಶ್ವರಕ್ಕೆ ಹೋಗಿ ಬಂದಳು. ಎಲ್ಲರೂ ಹಾಲಿನ ಅಭಿಷೇಕಕ್ಕೆ ನಿಂತಿದ್ದರು. ಹಾಲು ಹರಿದು ಹೋಗುವುದನ್ನು ನೋಡಲಾಗದೆ ಅವಳು ಬಿಲ್ವಪತ್ರೆ ಇಟ್ಟು ಎದ್ದಳು.

ಚಿಕಲಠಾಣಾದಲ್ಲಿ ರೂಪಾಳ ಹೆಗಲ ಮೇಲಿನ ಭಾರ ಇಳಿದಂತಾಯಿತು. ಗುಂಡವ್ವ ಮಗಳಿಗೆ ಬಿಸಿ ಜೋಳದ ಭಕ್ಕರಿ, ಮೆಂತ್ಯದ ಪಲ್ಯ ಮಾಡಿ ಕೈಯಾರೆ ಉಣಿಸಿದಳು. ಮಗಳ ಅತ್ತೆಯ ಸಮಾಚಾರ ಕೇಳಿ ನೆಟಿಗೆ ಮುರಿದಳು.

"ನಾ ನಿಶ್ಚಯ ಆಗೋ ಮುಂದೇ ಅಂದಿದ್ನಿ, ಆ ಹೆಣ್ಮಗಳು ಸಂಭಾವಿತ ಕಾಣಲ್ಲ ಅಂತ. ಈಗ ನೀ ಚಿಂತಿ ಬಿಡು. ಕೂಸಿಗಿ ನಾ ಕುಡಸ್ತೀನಿ. ಎಷ್ಟು ಹೇಳ್ಯಾರ?"

"ಎರಡು ಒಳಲಿ."

ಗುಂಡವ್ವ ಕೂಸನ್ನು ಮಡಿಲಿಗೆ ಹಾಕಿಕೊಂಡು ಗೋಡೆಗೆ ಮುಖ ಮಾಡಿದಳು. ಸೆರಗು ಎಳೆದುಕೊಂಡಳು. ಅವ್ವ ಮುಚ್ಚಿಕೊಂಡರೆ ರೂಪಾಳಿಗೆ ಏನೂ ಅನಿಸಲಿಲ್ಲ. ಹೊಟ್ಟೆ ತುಂಬ ಉಂಡು, ಎಷ್ಟೋ ದಿನದ ಮೇಲೆ ಗಾಢವಾಗಿ ನಿದ್ದೆ ಮಾಡಿದಳು.

ಮರುದಿನ ಸಂಜೆ ಹಾಲಿನ ಡಬ್ಬಿ ತೆಗೆದವಳು ಹಾಗೇ ನಿಂತುಬಿಟ್ಟಳು. ಹಾಲು ಉಳಿದಿತ್ತು. ನಾಶಿಕದಲ್ಲಿ ಉಳಿಯುತ್ತಿದ್ದಷ್ಟೇ.

ಅವಳು ಮೆಲ್ಲಗೆ ತಿರುಗಿ ತಾಯಿಯನ್ನು ನೋಡಿದಳು. ಗುಂಡವ್ವ ಕೂಸಿಗೆ ಟೋಪಿ ಕಟ್ಟುತ್ತ ಏನೋ ಗುನುಗುತ್ತಿದ್ದಳು. ಒಂದು ಗಳಿಗೆ, ಹೆತ್ತ ತಾಯಿಯನ್ನೇ ರೂಪಾ ಕಳ್ಳಿಯನ್ನು ನೋಡುವಂತೆ ನೋಡಿದಳು. ಹಾಗೆ ನೋಡಿದ್ದಕ್ಕೆ ಅವಳಿಗೇ ನಾಚಿಕೆಯಾಯಿತು, ಭಯವೂ ಆಯಿತು.

"ಯವ್ವಾ, ನೀ ಕೂಸಿಗಿ ಬ್ಯಾರೆ ಏನರ ಕೊಟ್ಟಿ?"

"ಏ ಹುಚ್ಚಿ, ನಾ ಏನ್ ಕೊಡ್ಲಿ? ಎರಡು ಒಳಲಿ ಹಾಲು. ನೀ ಹೇಳಿದಷ್ಟು."

ಅದೇ ಮಾತು. ಅತ್ತೆ ಹೇಳಿದ್ದೂ ಇದೇ ಮಾತು.

"ಈಗ ಕುಡಸೋ ಹೊತ್ತು ಆಗ್ಯಾದಲ್ಲ. ನನ್ನ ಮುಂದ ತುಂಬು."

"ತಾಯಿ ಕಣ್ಣು ಬೀಳಬಾರ್ದ..."

"ಬೀಳ್ಲಿ. ತುಂಬು ನೀ."

ಗುಂಡವ್ವ ಗೊಣಗುತ್ತ ಒಳಲೆಗೆ ಹಾಲು ಬಿಟ್ಟಳು. ಕೊಕ್ಕು ಶುರುವಾಗುವ ಬುಡಕ್ಕೆ ಬಂದ ಕೂಡಲೇ ಕೈ ತಡೆದಳು. ಬಟ್ಟಲಿನ ಮೇಲ್ಭಾಗ ಬರಿದಾಗಿತ್ತು.

"ಇನ್ನ ಹಾಕು."

"ಹುಚ್ಚಿ ಇದೀ? ಅಂಚಿನ ತನ ತುಂಬಿ ಬಗ್ಗಿಸಿದ್ರ ಕೂಸಿನ ಮೂಗಿಗಿ ಹೋಗ್ತದ, ನೆತ್ತಿಗಿ ಹತ್ತತದ. ಒಳಲಿ ಅಂದ್ರ ಇಷ್ಟೇ. ನಮ್ಮವ್ವ ಹಿಂಗೇ ಕುಡಸ್ತಿದ್ಳು, ನಾ ನಿನಗ ಹಿಂಗೇ ಕುಡಿಸೀನಿ. ಕೂಸು ಕುಡಿಸಿದವ್ರು ಯಾರ್ನೂ ಕೇಳು."

ರೂಪಾ ಔಷಧದ ಸಿರಿಂಜು ತಂದು ಆ ಹಾಲನ್ನು ಎಳೆದು ನೋಡಿದಳು. ಹನ್ನೆರಡು. ಎರಡು ಒಳಲೆಗೆ ಇಪ್ಪತ್ತನಾಲ್ಕು. ಡಾಕ್ಟರು ಹೇಳಿದ್ದು ನಲವತ್ತು. ಕೂಸು ಹಸಿದು ಸೊರಗುತ್ತಿದ್ದಾಗ ದಿನಾ ಸಂಜೆ ತಾನೇ ಉಳಿದ ಹಾಲನ್ನು ಮೋರಿಗೆ ಚೆಲ್ಲುತ್ತಿದ್ದದ್ದು ನೆನಪಾಗಿ ಅವಳು ಕೂಸನ್ನು ಎತ್ತಿ ಎದೆಗವಚಿಕೊಂಡಳು. ಗುಂಡವ್ವ ಗಾಬರಿಯಾಗಿ ಬೆನ್ನು ಸವರಿದಳು.

ಫೋನಿನಲ್ಲಿ ಶಶಿಕಾಂತ ಮೊದಲು ನಂಬಲಿಲ್ಲ. "ನಾ ಅಳದದ್ದು ತಪ್ಪಿಲ್ಲ ರೂಪಾ. ಒಳಲಿ ಇಪ್ಪತ್ತು ಹಿಡೀತದ."

"ಹಿಡೀತದ ರೀ. ನೀವು ಸಿಂಕಿನಾಗ ನೀರು ಅಳದೀರಿ. ಅವ್ರು ಕೂಸಿಗಿ ಕುಡಸ್ತಾರ."

ಅವನು, "ಅವ್ವಗ ಯಾರು ಹೇಳಬೇಕು?" ಎಂದ. ರೂಪಾ ಫೋನ್ ಇಟ್ಟು ಒಳಲೆಗೆ ಮತ್ತೆ ಹಾಲು ತುಂಬಲು ಹೋದಳು.

ಅಂದಿನಿಂದ ಮೂರು ಒಳಲೆ, ಮೇಲೆ ಸಿರಿಂಜಿನಿಂದ ಒಂದಿಷ್ಟು. ಸಾಧು ಕೂಸು ಎರಡೇ ದಿನಕ್ಕೆ ಗಂಟಲು ತೆಗೆದು ಅಳಲು ಕಲಿಯಿತು. ಅಕ್ಕಪಕ್ಕದವರು ಕಿಟಕಿಯಿಂದ ಇಣುಕುವಷ್ಟು ಗಟ್ಟಿಯಾಗಿ ಅತ್ತಿತು. ಅಲ್ಲಿಯ ಡಾಕ್ಟರು ತೂಕ ನೋಡಿ, ಭರ್ತಿ ಬೇಡ, ಹೀಗೇ ನಡೆಸಿ ಎಂದರು.

ಮುಂದಿನ ರವಿವಾರ ನಾಶಿಕದವರು ಮೂವರೂ ಬಂದರು. ಹಾದಿಯಲ್ಲಿ ಶಶಿಕಾಂತ ತಾಯಿಗೆ ಎಲ್ಲ ಹೇಳಿದ್ದ. ಗುಂಡವ್ವ ತಾನು ಆಡಿದ್ದೆಲ್ಲ ಮರೆತವಳಂತೆ ಬೀಗತಿಗೆ ಮಣೆ ಹಾಕಿದಳು, ಹೋಳಿಗೆ ಬಡಿಸಿದಳು. ತುಪ್ಪ ಹಾಕಿಸಿಕೊಳ್ಳುತ್ತ ರೇವಣಪ್ಪ ನಗಲು ನೋಡಿದ. "ಅಂಗಡ್ಯಾಗೂ ಹಿಂಗೇ ಇತ್ತು. ಪಾವು ಒಂದೇ, ಕೊಡಾಂವ ಅಂಚಿಗಿ ಸಮ ತಲಿ ಸವರತಿದ್ದ, ತಗೊಳ್ಳಾಂವ ಅಂಚಿನ ಮ್ಯಾಲ ಗುಡ್ಡಿ ಹಾಕು ಅಂತಿದ್ದ. ಸುಳ್ಳು ಯಾರೂ ಹೇಳ್ತಿರಲಿಲ್ಲ, ಆದ್ರ ಜಗಳ ಮಾತ್ರ ದಿನಾ ಆಗ್ತಿತ್ತು."

ಯಾರೂ ನಗಲಿಲ್ಲ. ಕಾಶಿಬಾಯಿ ತಾಟಿನಿಂದ ಕಣ್ಣು ಎತ್ತಲಿಲ್ಲ.

ಊಟವಾದ ಮೇಲೆ ಕೂಸು ಎದ್ದು ಅಳತೊಡಗಿತು. ರೂಪಾ ಅದನ್ನು ತಂದು ಅತ್ತೆಯ ಮಡಿಲಿಗೆ ಹಾಕಿದಳು. ಒಳಲೆ, ಸಿರಿಂಜು, ಹಾಲಿನ ಡಬ್ಬಿ, ಅಳೆದು ಹಾಕಲು ಒಂದು ಖಾಲಿ ಬಟ್ಟಲು ಮುಂದಿಟ್ಟಳು. "ತಪ್ಪಾಯ್ತು ಅತ್ತಿ. ನೀವೇ ಕುಡಸ್ರಿ."

ಕಾಶಿಬಾಯಿ ಕೂಸಿನ ಹಣೆ ಮುಟ್ಟಿ ನೋಡಿದಳು. ಕೆನ್ನೆ ತುಂಬಿಕೊಂಡಿತ್ತು. ಅವಳ ಕಣ್ಣಲ್ಲಿ ನೀರು ಬಂತು. ಆದರೆ ಗೋಡೆಯ ಕಡೆ ತಿರುಗಲಿಲ್ಲ. ಸೆರಗನ್ನು ಬಿಗಿಯಾಗಿ ಸುತ್ತಿ ನಡುವಿಗೆ ಸಿಕ್ಕಿಸಿಕೊಂಡು, ಸೊಸೆಗೆ ಎದುರಾಗಿ ಕೂತಳು. ಸಿರಿಂಜನ್ನು ಬೆಳಕಿಗೆ ಹಿಡಿದು ಗೆರೆ ನೋಡಿ, ಹಾಲನ್ನು ಎಳೆದೆಳೆದು ಬಟ್ಟಲಿಗೆ ಬಿಟ್ಟಳು. "ಚಾಳೀಸ ಆಯ್ತಿಲ್ಲೋ ನೋಡು," ಎಂದಳು.

"ನೀವು ಅಳದ್ರ ಸಾಕ್ರಿ ಅತ್ತಿ."

"ನೀ ನೋಡು."

ರೂಪಾ ನೋಡಿದಳು. ಕಾಶಿಬಾಯಿ ಒಳಲೆಯ ಕೊಕ್ಕನ್ನು ಕೂಸಿನ ತುಟಿಗಿಟ್ಟಳು. ಕೂಸು ಚಪ್ಪರಿಸಿ ಕುಡಿಯಿತು. ಇಡೀ ಕೋಣೆ ಅದನ್ನೇ ನೋಡುತ್ತಿತ್ತು. ದೃಷ್ಟಿಯ ಮಾತನ್ನು ಎಂದೂ ನಂಬದ ರೂಪಾಳಿಗೂ ಒಳಗೊಳಗೇ ದಿಗಿಲಾಯಿತು.

"ಸೆರಗ ಮುಚ್ಕೋರಿ ಅತ್ತಿ. ದೃಷ್ಟಿ ಆಗ್ತದ."

"ಆದ್ರ ಆಗ್ಲಿ ತಾಯಿ."

ಕುಡಿಸಿ ಮುಗಿದ ಮೇಲೆ ಕಾಶಿಬಾಯಿ ಬಟ್ಟಲನ್ನು ಅಂಗೈ ಮೇಲೆ ಬೋರಲು ಹಾಕಿ, ಹನಿ ಬೀಳದ ಒಣ ಅಂಗೈಯನ್ನು ಸೊಸೆಯ ಮುಂದೆ ಚಾಚಿದಳು. "ಖಾಲಿ ಅದ. ಏನೂ ಉಳದಿಲ್ಲ."

ಹದಿನೈದು ದಿನ ಬಿಟ್ಟು ರೂಪಾ ನಾಶಿಕಕ್ಕೆ ಮರಳಿದಳು. ತೊಟ್ಟಿಲ ಶಾಸ್ತ್ರವಾಯಿತು, ಕೂಸಿಗೆ ಮೃದುಲಾ ಎಂದು ಹೆಸರಿಟ್ಟರು. ಅತ್ತೆ ಸೊಸೆ ಒಂದೇ ತಾಟಿನಲ್ಲಿ ಕಾಳು ಆರಿಸುವಷ್ಟು ಸರಿಹೋದರು. ಕೂಸಿನ ತೂಕ ಪ್ರತಿ ವಾರ ಏರಿತು. ಆದರೆ ರೂಪಾ ರೊಟ್ಟಿ ಬಡಿಯುತ್ತಿರಲಿ, ಬಟ್ಟೆ ಒಗೆಯುತ್ತಿರಲಿ, ಕುಡಿಸುವ ಹೊತ್ತಾದಾಗಲೆಲ್ಲ ಒಳಗಿನಿಂದ ಕಾಶಿಬಾಯಿಯ ಕರೆ ಬರುತ್ತಿತ್ತು. ಆ ದನಿಯಲ್ಲಿ ಸಿಟ್ಟು ಇರಲಿಲ್ಲ. ಸಿಟ್ಟಾದರೂ ಇದ್ದಿದ್ದರೆ ರೂಪಾಳ ಕಾಲು ಅಷ್ಟು ಭಾರವಾಗುತ್ತಿರಲಿಲ್ಲ.

"ರೂಪಾ, ಕೈಯಾಗಿನ ಕೆಲಸ ಬಿಟ್ಟು ಬಾ. ಕೂಸಿಗಿ ಹಾಲು ಕುಡಸ್ಲತ್ತೀನಿ. ನೋಡ ಬಾ."